‘ಹೌದು’ ಎಂಬ ಉತ್ತರ ಸಾಲದು: ಔಷಧಿ ಕೊಡುವಾಗ, ರೋಗಿಗೆ ಹೇಳಿಕೊಡುವಾಗ

ಹೆಸರು ಕೂಗಿ “ನೀವೇ ಅಲ್ಲವಾ?” ಎಂದರೆ ಅರೆನಿದ್ರೆಯಲ್ಲಿರುವ ರೋಗಿ ಹೌದು ಎನ್ನುತ್ತಾರೆ. ಸಿರಿಂಜ್ ತೋರಿಸಿ “ಹತ್ತು ಯೂನಿಟ್, ಸರಿ ಇದೆ ತಾನೆ?” ಎಂದರೆ ಜೊತೆಯ ನರ್ಸ್ ಹೌದು ಎನ್ನುತ್ತಾರೆ. ಮನೆಗೆ ಹೊರಟವರಿಗೆ ಎಲ್ಲ ಹೇಳಿ ಮುಗಿಸಿ “ಗೊತ್ತಾಯ್ತಾ?” ಎಂದರೆ ಅವರೂ ಹೌದು ಎನ್ನುತ್ತಾರೆ. ಮೂರು ಕಡೆಯೂ ಉತ್ತರ ಪ್ರಶ್ನೆಯೊಳಗೇ ಇತ್ತು, ಆದ್ದರಿಂದ ನಮಗೆ ಹೊಸದೇನೂ ತಿಳಿಯಲಿಲ್ಲ. ಔಷಧಿ ಸುರಕ್ಷತೆಯ ಬಹುಪಾಲು ಕೆಲಸ ಈ ಮೂರು ಪ್ರಶ್ನೆಗಳನ್ನು ಬೇರೆ ರೀತಿಯಲ್ಲಿ ಕೇಳುವುದರಲ್ಲಿದೆ.

ಮಂಚದ ಬಳಿ

“ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ” ಎಂದು ಕೇಳಿ. ಹೇಳಿದ್ದನ್ನು ಮಣಿಕಟ್ಟಿನ ಪಟ್ಟಿಯೊಂದಿಗೂ ಔಷಧಿ ಚಾರ್ಟ್‌ನೊಂದಿಗೂ ಹೋಲಿಸಿ. ಹುಟ್ಟಿದ ದಿನಾಂಕ ಗೊತ್ತಿಲ್ಲದವರಿಗೆ ಆಸ್ಪತ್ರೆಯ ನೋಂದಣಿ ಸಂಖ್ಯೆ. ಮಂಚದ ಸಂಖ್ಯೆ ಗುರುತಲ್ಲ. ರಾತ್ರಿ ಯಾರನ್ನು ಎಲ್ಲಿಗೆ ಸರಿಸಿದ್ದಾರೋ ಬೆಳಗಿನ ಶಿಫ್ಟ್‌ಗೆ ತಿಳಿದಿರುವುದಿಲ್ಲ. ಅಲರ್ಜಿಯ ವಿಷಯದಲ್ಲೂ “ಇದೆಯಾ?” ಎಂದು ಕೇಳಿದರೆ “ಇಲ್ಲ” ಎಂದು ಬಿಡುತ್ತಾರೆ. “ಯಾವ ಔಷಧಿ ತೆಗೆದುಕೊಂಡಾಗ ಮೈಗೆ ಒಗ್ಗಲಿಲ್ಲ? ಆಗ ಏನಾಯಿತು?” ಎಂದು ಕೇಳಿ. ಮೈಮೇಲೆ ದದ್ದು ಎದ್ದದ್ದು, ತುಟಿ ಊದಿದ್ದು, ಉಸಿರು ಕಟ್ಟಿದ್ದು ಒಂದು ತೂಕದ ಮಾತು; ಬರೀ ಹೊಟ್ಟೆ ತೊಳಸಿದ್ದು ಇನ್ನೊಂದು.

ಲೇಬಲ್ ಓದುವುದು ಮೂರು ಸಲ: ಕಪಾಟಿನಿಂದ ತೆಗೆಯುವಾಗ, ಸಿರಿಂಜ್‌ಗೆ ಎಳೆಯುವಾಗ, ಕೊಡುವ ಮುನ್ನ. ಡಬ್ಬಿಯ ಬಣ್ಣ ನೋಡಿ ಕೈ ಹಾಕುವ ಅಭ್ಯಾಸ ಒಂದು ದಿನ ಕೈಕೊಡುತ್ತದೆ. ಬಿಪಿ, ಹೃದಯಕ್ಕೆ ಕೊಡುವ ಡೋಪಮಿನ್ ಮತ್ತು ಡೊಬುಟಮಿನ್ ಹೆಸರಿನಲ್ಲೂ ಹತ್ತಿರ, ಇಡುವ ಜಾಗದಲ್ಲೂ ಹತ್ತಿರ. ಸಿರಿಂಜ್‌ಗೆ ಎಳೆದ ಔಷಧಿಯನ್ನು ಅಲ್ಲೇ ಕೊಡದಿದ್ದರೆ ಕೈಯಿಂದ ಕೆಳಗಿಡುವ ಮೊದಲೇ ಹೆಸರು ಅಂಟಿಸಿ. ಹೆಸರಿಲ್ಲದ ಸಿರಿಂಜ್ ಸಿಕ್ಕಿದರೆ ಒಳಗೇನಿದೆ ಎಂದು ಊಹಿಸಬೇಡಿ, ಎಸೆಯಿರಿ. ಬೇರೆಯವರು ಎಳೆದಿಟ್ಟದ್ದನ್ನು ನೀವು ಕೊಡಬೇಡಿ. ಚಾರ್ಟ್‌ನಲ್ಲಿ ಸಹಿ ಹಾಕುವುದು ಔಷಧಿ ಕೊಟ್ಟ ಮೇಲೆ, ಕೊಡುವ ಮೊದಲಲ್ಲ. “ದಿನಾ ಕೊಡೋ ಮಾತ್ರೆ ಇದಲ್ಲ, ಬಣ್ಣ ಬೇರೆ” ಎಂದು ರೋಗಿ ಹೇಳಿದರೆ ಅಲ್ಲಿಗೇ ನಿಲ್ಲಿಸಿ, ಚಾರ್ಟ್ ಮತ್ತೆ ತೆರೆಯಿರಿ. ತನ್ನ ಮಾತ್ರೆಯನ್ನು ದಿನವೂ ನೋಡುವ ಕಣ್ಣು ಅದು, ಅದರ ಮಾತಿಗೆ ಬೆಲೆ ಕೊಡಿ.

ಬರವಣಿಗೆಯ ತಪ್ಪುಗಳು ಕೆಲವೇ, ಆದರೆ ಪ್ರಾಣಕ್ಕೆ ಬರುವಂಥವು. 5.0 ಎಂದು ಬರೆದರೆ ಚುಕ್ಕಿ ಮಸುಕಾಗಿ 50 ಆಗುತ್ತದೆ, ಹಾಗಾಗಿ 5 ಎಂದಷ್ಟೇ ಬರೆಯಿರಿ. .5 ಎಂದು ಬರೆದರೆ 5 ಆಗುತ್ತದೆ, 0.5 ಎಂದು ಬರೆಯಿರಿ. ಯೂನಿಟ್ ಎನ್ನುವುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. ಪದವನ್ನು ಪೂರ್ತಿ ಬರೆಯಿರಿ.

ಇಬ್ಬರು ನೋಡುವುದೆಂದರೆ

ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಮಾರ್ಫಿನ್ ಜಾತಿಯ ನೋವಿನ ಔಷಧಿಗಳು, ಗಾಢ ಪೊಟ್ಯಾಸಿಯಂ ಕ್ಲೋರೈಡ್, ಕ್ಯಾನ್ಸರ್ ಔಷಧಿಗಳು: ಇವುಗಳಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಇವಕ್ಕೆ ಇಬ್ಬರ ಪರಿಶೀಲನೆ ಬೇಕು. ಆದರೆ ಮೊದಲನೆಯವರ ಉತ್ತರ ಕೇಳಿಸಿಕೊಂಡ ಮೇಲೆ ಎರಡನೆಯವರು ಮಾಡುವುದು ಪರಿಶೀಲನೆಯಲ್ಲ, ಒಪ್ಪಿಗೆ. ಎರಡನೆಯವರ ಕೈಗೆ ಚಾರ್ಟ್ ಮತ್ತು ವಯಲ್ (ಔಷಧಿಯ ಪುಟ್ಟ ಸೀಸೆ) ಮಾತ್ರ ಕೊಡಿ, ಎಷ್ಟು ಮಿ.ಲೀ. ಎಂಬುದನ್ನು ಅವರೇ ಲೆಕ್ಕ ಹಾಕಲಿ, ಆಮೇಲೆ ಎರಡೂ ಉತ್ತರಗಳನ್ನು ಹೋಲಿಸಿ.

ಲೆಕ್ಕ ಎಲ್ಲಿ ಜಾರುತ್ತದೆ ಎಂಬುದಕ್ಕೆ ಮಕ್ಕಳ ಪ್ಯಾರಾಸಿಟಮಾಲ್ ನೋಡಿ. 10 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿ.ಗ್ರಾಂನಂತೆ 150 ಮಿ.ಗ್ರಾಂ ಬೇಕು. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವ ಸಿರಪ್ ಆದರೆ 6 ಮಿ.ಲೀ.; 1 ಮಿ.ಲೀ.ನಲ್ಲಿ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ 1.5 ಮಿ.ಲೀ. ಸಿರಪ್ ಮುಗಿದಾಗ ತಾಯಿ ಡ್ರಾಪ್ಸ್ ತಂದು ಅದೇ 6 ಮಿ.ಲೀ. ಕುಡಿಸಿದರೆ ಮಗುವಿಗೆ 600 ಮಿ.ಗ್ರಾಂ, ಅಂದರೆ ನಾಲ್ಕು ಪಟ್ಟು ಹೋಗುತ್ತದೆ. “ಇಷ್ಟು ಮಿ.ಲೀ.” ಎಂದು ಹೇಳಿಕೊಡುವಾಗ ಯಾವ ಬಾಟಲಿಯದ್ದು ಎಂಬುದನ್ನೂ ಸೇರಿಸಿ ಹೇಳಿ, ಅಳತೆಗೆ ಅಡುಗೆಮನೆಯ ಚಮಚ ಬೇಡ, ಬಾಯಿಗೆ ಹಾಕುವ ಸಿರಿಂಜ್ ಕೊಟ್ಟು ಗೆರೆ ತೋರಿಸಿ.

ಡ್ರಿಪ್‌ನ ಲೆಕ್ಕ ಸರಳ: ಒಟ್ಟು ಮಿ.ಲೀ.ಯನ್ನು ಸೆಟ್‌ನ ಹನಿ ಸಂಖ್ಯೆಯಿಂದ (ಒಂದು ಮಿ.ಲೀ.ಗೆ ಎಷ್ಟು ಹನಿ) ಗುಣಿಸಿ ನಿಮಿಷಗಳಿಂದ ಭಾಗಿಸಿ. 500 ಮಿ.ಲೀ. 4 ಗಂಟೆಯಲ್ಲಿ ಹೋಗಬೇಕು, ಸೆಟ್ 20 ಹನಿಯದ್ದು ಎಂದರೆ ನಿಮಿಷಕ್ಕೆ ಸುಮಾರು 42 ಹನಿ.

ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಎಂದಿಗೂ ನೇರವಾಗಿ ರಕ್ತನಾಳಕ್ಕೆ ತಳ್ಳುವಂತಿಲ್ಲ, ಹೃದಯ ನಿಲ್ಲುತ್ತದೆ. ಬಾಟಲಿಗೆ ಬೆರೆಸಿದರೂ ಅಪಾಯ ಮುಗಿಯುವುದಿಲ್ಲ: ತೂಗುಹಾಕಿದ ಚೀಲಕ್ಕೆ ಚುಚ್ಚಿ ಹಾಕಿದರೆ ಔಷಧಿ ತಳದಲ್ಲೇ ನಿಂತು ಮೊದಲಿಗೆ ಗಾಢವಾಗಿ ಇಳಿಯುತ್ತದೆ. ಚೀಲವನ್ನು ಕೆಳಗಿಳಿಸಿ, ಬೆರೆಸಿ, ಹಲವು ಸಲ ತಲೆಕೆಳಗು ಮಾಡಿ, ಆಮೇಲೆ ತೂಗುಹಾಕಿ.

ಇನ್ಸುಲಿನ್

ಇದಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ವಾರ್ಡ್‌ನಲ್ಲಿ ನಾವು ಕೊಡುವ ಅಪಾಯದ ಔಷಧಿಗಳ ಪೈಕಿ ರೋಗಿಯೇ ಮನೆಯಲ್ಲಿ ದಿನವೂ ತನಗೆ ತಾನು ಚುಚ್ಚಿಕೊಳ್ಳುವಂಥದ್ದು ಇದು.

ವಯಲ್‌ಗಳಲ್ಲಿ ಎರಡು ಗಾಢತೆ ಬಳಕೆಯಲ್ಲಿವೆ, ಮಿ.ಲೀ.ಗೆ 40 ಯೂನಿಟ್‌ನದ್ದು ಮತ್ತು 100 ಯೂನಿಟ್‌ನದ್ದು. ಸಿರಿಂಜ್‌ಗಳೂ ಹಾಗೆಯೇ ಎರಡು. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 20 ಯೂನಿಟ್ ಬರೆದಿದ್ದಾರೆ ಎನ್ನಿ. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ತಿರುಗಾ ಮುರುಗಾ ಆದರೆ ಸಿಗುವುದು 8 ಯೂನಿಟ್ ಮಾತ್ರ. ಮುಚ್ಚಳ ಕಳಚಿ ಎಸೆದ ಮೇಲೆ ಬಣ್ಣ ನೆರವಿಗೆ ಬರುವುದಿಲ್ಲ, ಆದ್ದರಿಂದ ಕೊಳವೆಯ ಮೇಲಿನ ಸಂಖ್ಯೆಯನ್ನೂ ವಯಲ್ ಮೇಲಿನ ಸಂಖ್ಯೆಯನ್ನೂ ಜೋಡಿಸಿ ಓದಲು ರೋಗಿಗೆ ಕಲಿಸಿ. ಇನ್ಸುಲಿನ್ ಪೆನ್‌ನ ಒಳಗಿನ ಔಷಧಿ ಕೊಳವೆಯಿಂದ (ಕಾರ್ಟ್ರಿಜ್) ಸಿರಿಂಜ್‌ಗೆ ಎಳೆಯಬಾರದು.

ಮಸುಕು ಇನ್ಸುಲಿನ್ ಅನ್ನು ಕುಲುಕದೆ ಅಂಗೈಗಳ ನಡುವೆ ಮೃದುವಾಗಿ ಉರುಳಿಸಿ, ಎಲ್ಲ ಕಡೆ ಒಂದೇ ಬಿಳುಪು ಬರಬೇಕು. ಎರಡನ್ನು ಒಂದೇ ಸಿರಿಂಜ್‌ನಲ್ಲಿ ಬೆರೆಸಲು ಹೇಳಿದ್ದರೆ ಮೊದಲು ತಿಳಿಯಾದದ್ದು, ಆಮೇಲೆ ಮಸುಕಾದದ್ದು. ದಿನವಿಡೀ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ ತಿಳಿಯಾಗಿಯೇ ಇರುತ್ತದೆ, ಅದನ್ನು ಯಾವುದರೊಂದಿಗೂ ಬೆರೆಸುವಂತಿಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟದ ತಟ್ಟೆ ಎದುರಿಗೆ ಬಂದ ಮೇಲೆ ಕೊಡಿ. ಊಟ ಬರುತ್ತದೆ ಎಂಬ ನಂಬಿಕೆಯ ಮೇಲಲ್ಲ.

ಪೆನ್ ಬಳಸುವವರಿಗೆ ಕ್ರಮ ಹೀಗೆ: ಹೊಸ ಸೂಜಿ ಹಾಕಿ, ಹೊರಮುಚ್ಚಳ ತೆಗೆದು, ಒಳಮುಚ್ಚಳವನ್ನೂ ತೆಗೆದು, 2 ಯೂನಿಟ್ ಗಾಳಿಗೆ ಒತ್ತಿ ತುದಿಯಲ್ಲಿ ಹನಿ ಕಂಡ ಮೇಲೆ ಡೋಸ್ ತಿರುಗಿಸಿ, ಚುಚ್ಚಿ, ಸೊನ್ನೆ ಬರುವವರೆಗೆ ಒತ್ತಿ, 10 ಎಣಿಸಿ ಹೊರತೆಗೆಯುವುದು. ಒಳಮುಚ್ಚಳದ ಮಾತನ್ನು ಎರಡು ಸಲ ಹೇಳಿ. ಆಸ್ಪತ್ರೆಯಲ್ಲಿ ತಾನೇ ಮುಚ್ಚಿಕೊಳ್ಳುವ ಸೂಜಿಯಲ್ಲಿ ಕಲಿತವರಿಗೆ ಮನೆಯ ಸಾಮಾನ್ಯ ಸೂಜಿಗೆ ಒಳಗೊಂದು ಚಿಕ್ಕ ಮುಚ್ಚಳವಿರುವುದು ಗೊತ್ತಿರುವುದಿಲ್ಲ. ಅದರ ಮೇಲೆಯೇ ಒತ್ತುತ್ತಾರೆ, ಔಷಧಿ ಒಳಗೆ ಹೋಗುವುದಿಲ್ಲ, ಸಕ್ಕರೆ ಏರುತ್ತಲೇ ಹೋಗುತ್ತದೆ. ಮನೆಯಲ್ಲಿ ಬಳಸುವ ಸೂಜಿಯನ್ನೇ ತರಿಸಿ ಅದರಲ್ಲೇ ಹೇಳಿಕೊಡಿ.

ಹೊಟ್ಟೆಯ ಮೇಲೆ ಹೊಕ್ಕುಳಿನ ಸುತ್ತ 5 ಸೆಂ.ಮೀ. ಬಿಟ್ಟು, ಪ್ರತಿ ಸಲ ಹಿಂದಿನ ಜಾಗಕ್ಕಿಂತ ಎರಡು ಬೆರಳು ದೂರ ಚುಚ್ಚಬೇಕು. ಒಂದೇ ಕಡೆ ಚುಚ್ಚುತ್ತಾ ಬಂದವರಿಗೆ ಅಲ್ಲಿ ಗಂಟು ಕಟ್ಟುತ್ತದೆ, ನೋವು ಕಡಿಮೆಯಾಗುವುದರಿಂದ ಅವರಿಗೆ ಆ ಜಾಗವೇ ಇಷ್ಟ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ, ಸವರಿ ನೋಡಿ. ಗಂಟಿನೊಳಗಿಂದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇಲ್ಲಿ ಎಚ್ಚರಿಕೆಯ ಮಾತೊಂದಿದೆ: ಗಂಟು ಬಿಟ್ಟು ಹೊಸ ಚರ್ಮಕ್ಕೆ ಹೋದ ದಿನ ಅದೇ ಡೋಸ್‌ಗೆ ಸಕ್ಕರೆ ಕುಸಿಯಬಹುದು. ಡೋಸ್ ಬಗ್ಗೆ ವೈದ್ಯರನ್ನು ಕೇಳಿ, ಆ ದಿನಗಳಲ್ಲಿ ಹೆಚ್ಚು ಸಲ ಸಕ್ಕರೆ ನೋಡಲು ಹೇಳಿ.

ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿ.ಗ್ರಾಂಗಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದನ್ನು ಮನೆಯವರಿಗೆ ಹೇಳಿ. ಬಿಪಿ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗಲೂ ಎದೆ ಬಡಿತ, ನಡುಕ ಕಾಣದೇ ಹೋಗಬಹುದು, ಬೆವರು ಮಾತ್ರ ಬರುತ್ತದೆ. ಅವರಿಗೆ ಬೆವರನ್ನೇ ಗುರುತಾಗಿ ಹೇಳಿಕೊಡಿ.

“ಮಾಡಿ ತೋರಿಸಿ”

ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದು, ಗಾಡಿ ಹೊರಗೆ ಕಾಯುತ್ತಿರುವಾಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ಮೊದಲ ಡೋಸ್ ಕೊಡುವ ದಿನದಿಂದಲೇ ಶುರು ಮಾಡಿ: ಪ್ರತಿ ಸಲ ಒಂದು ಮಾತು, ಮಾತ್ರೆಯ ಹೆಸರು ಮತ್ತು ಅದು ಯಾತಕ್ಕೆ. ಮನೆಯಲ್ಲಿ ಔಷಧಿ ಕೊಡುವವರು ಯಾರೋ ಅವರು ಎದುರಿಗಿರಬೇಕು, ಕಾಣಲು ಬಂದ ನೆಂಟರಲ್ಲ. ಒಂದು ಸಲಕ್ಕೆ ಎರಡು ಮೂರು ವಿಷಯಕ್ಕಿಂತ ಹೆಚ್ಚು ಬೇಡ.

ಹೇಳಿದ ಮೇಲೆ ಕೇಳುವ ರೀತಿ: “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ನಾಳೆ ಬೆಳಿಗ್ಗೆ ಎದ್ದ ಮೇಲೆ ಯಾವುದನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ಹೇಳಿ.” ಹೊರೆ ನಿಮ್ಮ ಮೇಲಿರುವುದರಿಂದ ಅವರಿಗೆ ಪರೀಕ್ಷೆ ಅನಿಸುವುದಿಲ್ಲ. ತಪ್ಪು ಹೇಳಿದರೆ ಅದೇ ವಾಕ್ಯವನ್ನು ಜೋರಾಗಿ ಹೇಳಬೇಡಿ, ಬೇರೆ ರೀತಿಯಲ್ಲಿ ಹೇಳಿ, ಮತ್ತೆ ಕೇಳಿ. ಕೈಕೆಲಸವಾದರೆ ಹೇಳಿಸಬೇಡಿ, ಮಾಡಿಸಿ. ಇನ್‌ಹೇಲರ್ ಅನ್ನು ಬಾಯಲ್ಲಿ ತಪ್ಪಿಲ್ಲದೆ ವಿವರಿಸುವವರೇ, ಕೈಗೆ ಕೊಟ್ಟರೆ ಉಸಿರು ಹೊರಬಿಡದೆ ಒತ್ತಿಬಿಡುತ್ತಾರೆ. ಕುಲುಕಿ, ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಎಳೆಯಲು ಶುರು ಮಾಡುತ್ತಲೇ ಒತ್ತಿ, 10 ಎಣಿಸುವವರೆಗೆ ಹಿಡಿಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಓದಲು ಬಾರದವರಿಗೆ ಸ್ಟ್ರಿಪ್ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲ ಸಮೇತ ತರಿಸಿ, ಹೊಸ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಎರಡು ಬ್ರ್ಯಾಂಡ್ ಹೆಸರಿನಲ್ಲಿ ಒಂದೇ ಔಷಧಿ ಇರುವುದು, ನಿಲ್ಲಿಸಿದ ಮಾತ್ರೆ ಇನ್ನೂ ನಡೆಯುತ್ತಿರುವುದು ಅಲ್ಲಿ ಸಿಗುತ್ತದೆ. ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು, ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ ಎಲ್ಲವನ್ನೂ ಸೇರಿಸಿ.

ಪ್ರಶ್ನೆ ಬಿಡದೆ ಕೇಳಲೇಬೇಕಾದ ಕೆಲವು ಔಷಧಿಗಳಿವೆ. ಕೀಲುವಾತಕ್ಕೂ ಸೋರಿಯಾಸಿಸ್‌ಗೂ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ. ದಿನವೂ ನುಂಗಿದರೆ ರಕ್ತ ತಯಾರಿಸುವ ಮಜ್ಜೆಯೇ ಸೋಲುತ್ತದೆ. ಬಾಯಿಹುಣ್ಣು, ಜ್ವರ ಬಂದರೆ ತಡಮಾಡುವಂತಿಲ್ಲ. ಜೊತೆಗೆ ಕೊಡುವ ಫೋಲಿಕ್ ಆಮ್ಲವೂ ಚಿಕ್ಕ ಹಳದಿ ಮಾತ್ರೆಯಾಗಿರುವುದುಂಟು, ಅದಲುಬದಲಾಗುತ್ತದೆ. “ವಾರದ ಯಾವ ದಿನ?” ಎಂದು ಕೇಳಿ, ಉತ್ತರ ಬಂದ ಮೇಲೆ “ಮರುದಿನ?” ಎಂದೂ ಕೇಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ “ಮೈಕೈ ನೋವು ಬಂದರೆ ಯಾವ ಮಾತ್ರೆ ನುಂಗುತ್ತೀರಿ?” ಎಂದು ಕೇಳಿ, ಐಬುಪ್ರೊಫೆನ್‌ನಂಥದ್ದರ ಹೆಸರು ಬಂದರೆ ಪಾಠ ಇನ್ನೂ ಮುಗಿದಿಲ್ಲ, ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಸೊಪ್ಪು ವಾರ್ಫರಿನ್‌ನ ಕೆಲಸ ತಗ್ಗಿಸುತ್ತದೆ, ಆದರೂ ಬಿಡಬೇಕಿಲ್ಲ, ತಿನ್ನುವ ಪ್ರಮಾಣ ಏಕಾಏಕಿ ಬದಲಾಗಬಾರದು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅನ್ನು ಕುಳಿತುಕೊಂಡೇ ಇಡಬೇಕು, ನಿಂತಿದ್ದರೆ ಬಿಪಿ ಇಳಿದು ಬೀಳುತ್ತಾರೆ. ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಇದರ ಜೊತೆ ಸೇರಿದರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ; ಅದನ್ನು ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಮನೆಯವರನ್ನು ಹೊರಗೆ ಕಳಿಸಿ ಕೇಳಿ, ಇಲ್ಲದಿದ್ದರೆ ನಿಜ ಹೊರಬರುವುದಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಜಜ್ಜಿದರೆ ಇಡೀ ದಿನದ ಔಷಧಿ ಒಮ್ಮೆಲೇ ಇಳಿಯುತ್ತದೆ, ಮೂಗಿನ ನಳಿಕೆ ಇರುವವರ ಮನೆಯವರಿಗೆ ಇದನ್ನು ಮರೆಯದೆ ಹೇಳಿ.

ಮನೆಗೆ ಹೋದ ಎರಡು ಮೂರು ದಿನಕ್ಕೆ ಫೋನ್ ಮಾಡಲು ಸಾಧ್ಯವಿದ್ದರೆ “ಮಾತ್ರೆ ಸರಿಯಾಗಿ ತಗೋತಿದೀರಾ?” ಎಂದು ಕೇಳಬೇಡಿ. “ಇವತ್ತು ಬೆಳಿಗ್ಗೆ ನುಂಗಿದ ಮಾತ್ರೆಗಳ ಸ್ಟ್ರಿಪ್‌ಗಳನ್ನು ಕೈಗೆ ತಗೊಳ್ಳಿ, ಒಂದೊಂದರಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಣಿಸಿ ಹೇಳಿ” ಎನ್ನಿ.