ಸಣ್ಣಜ್ಜನ ಹೆಸರು ಹುಡುಕುತ್ತ ಫ್ಲಾರೆನ್ಸ್ ನೋಡಿದ್ದು

ನನ್ನ ಅಜ್ಜನ ತಮ್ಮ, ನಾವು ಸಣ್ಣಜ್ಜ ಎಂದು ಕರೆಯುತ್ತಿದ್ದವರು, ಮರಾಠಾ ಲೈಟ್ ಇನ್‌ಫಂಟ್ರಿಯ ಸಿಪಾಯಿಯಾಗಿ ಬೆಳಗಾವಿಯಿಂದ ಹೊರಟು, ಎರಡನೆಯ ಮಹಾಯುದ್ಧದಲ್ಲಿ, 1944ರ ಕೊನೆಯಲ್ಲಿ ಇಟಲಿಯ ಬೆಟ್ಟಗಳಲ್ಲಿ ತೀರಿಕೊಂಡರು. ನಮ್ಮದು ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ ಆಡುವ ಗಡಿಭಾಗದ ಮನೆತನ. ಪ್ರತಿ ವರ್ಷ ಪಿತೃಪಕ್ಷದಲ್ಲಿ ಅವರ ಹೆಸರಿಗೆ ಎಡೆ ಇಡುತ್ತಿದ್ದೆವಾದರೂ ಅವರ ದೇಹ ಎಲ್ಲಿ ಮಣ್ಣಾಯಿತು, ಎಲ್ಲಿ ಬೂದಿಯಾಯಿತು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಪ್ಪತ್ತನಾಲ್ಕು ವರ್ಷದ ಅಪ್ಪನನ್ನು ಕರೆದುಕೊಂಡು ಆ ಜಾಗವನ್ನು ಹುಡುಕಿದ ಬಗೆಯನ್ನು, ಅದೇ ಪ್ರವಾಸದಲ್ಲಿ ಫ್ಲಾರೆನ್ಸ್ ನಗರವನ್ನೂ ಕಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ನಡೆದದ್ದು ಮನೆಯಲ್ಲೇ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಮಡಿದವರ ಹೆಸರುಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಹುಡುಕಬಹುದು. ಹೆಸರಿನಿಂದ ಹುಡುಕಿದಾಗ ನಮಗೆ ಏನೂ ಸಿಗಲಿಲ್ಲ, ಏಕೆಂದರೆ ನಾವು ಉಚ್ಚರಿಸುವ ಹೆಸರನ್ನು ಅಂದಿನ ಸೈನ್ಯದ ಗುಮಾಸ್ತರು ಇಂಗ್ಲಿಷಿನಲ್ಲಿ ತಮಗೆ ಕೇಳಿಸಿದಂತೆ ಬರೆದುಕೊಂಡಿದ್ದರು. ಮುತ್ತಜ್ಜಿಯ ಟ್ರಂಕಿನಲ್ಲಿದ್ದ ಪಿಂಚಣಿ ಕಾಗದದ ಮೇಲಿನ ಸೈನಿಕ ಸಂಖ್ಯೆಯೂ ಅರ್ಧ ಅಳಿಸಿಹೋಗಿತ್ತು. ಕೊನೆಗೆ ಹೆಸರನ್ನು ಬಿಟ್ಟು ಪಲ್ಟಣ, ವರ್ಷ ಮತ್ತು ದೇಶ ಈ ಮೂರನ್ನೇ ಕೊಟ್ಟು, ಬಂದ ಪಟ್ಟಿಯನ್ನು ಎರಡು ರಾತ್ರಿ ಕುಳಿತು ಒಂದೊಂದಾಗಿ ಓದಿದೆ. ತಂದೆಯ ಹೆಸರು ಮತ್ತು ಊರು ಬರೆದಿದ್ದ ಒಂದು ಸಾಲಿನಲ್ಲಿ ನಮ್ಮ ಹಳ್ಳಿ ಸಿಕ್ಕಿತು. ಸಮಾಧಿಯ ಸಂಖ್ಯೆಯಿರಬೇಕಾದಲ್ಲಿ ಫೋರ್ಲಿ ಎಂಬ ಊರಿನ ದಹನ ಸ್ಮಾರಕದಲ್ಲಿ ಹೆಸರು ಕೆತ್ತಿದ ಅಂಕಣದ ಸಂಖ್ಯೆಯಿತ್ತು. ಅಂದರೆ ಅವರನ್ನು ಹೂಳಿರಲಿಲ್ಲ, ಸುಟ್ಟಿದ್ದರು. ಅದನ್ನು ಕೇಳಿದ ಅಪ್ಪ ಬಹಳ ಹೊತ್ತು ಮಾತನಾಡದೆ ಕುಳಿತಿದ್ದರು.

ಫೋರ್ಲಿ ಚಿಕ್ಕ ಊರು. ಫ್ಲಾರೆನ್ಸಿನಲ್ಲಿ ಉಳಿದುಕೊಂಡು ಒಂದು ದಿನ ಅಲ್ಲಿಗೆ ಹೋಗಿ ಬರುವುದೆಂದು ನಿರ್ಧರಿಸಿದೆವು. ಸ್ಮಾರಕಕ್ಕೆ ಮೊದಲ ದಿನವೇ ಹೋಗಬೇಕೆಂಬುದು ಅಪ್ಪನ ಆಸೆಯಾಗಿತ್ತು. ನಾನು ಒಪ್ಪಲಿಲ್ಲ. ನಿದ್ದೆಗೆಟ್ಟ ಹಿರಿಯರನ್ನು ವಿಮಾನದಿಂದ ಇಳಿಸಿ ನೇರವಾಗಿ ಅಂತಹ ಜಾಗಕ್ಕೆ ಕರೆದೊಯ್ಯುವುದು ಸರಿಯಲ್ಲವೆಂದು ಈಗಲೂ ನಂಬಿದ್ದೇನೆ. ಮೊದಲ ಎರಡು ದಿನ ನಗರದಲ್ಲಿ, ಮೂರನೆಯ ದಿನ ಫೋರ್ಲಿ, ನಾಲ್ಕನೆಯ ದಿನ ಬರೀ ವಿಶ್ರಾಂತಿ, ಕೊನೆಯ ದಿನ ಉಫಿಝಿ ಕಲಾ ಸಂಗ್ರಹಾಲಯ ಎಂದು ಯೋಜನೆ ಹಾಕಿದೆವು. ಉಫಿಝಿ ಸೋಮವಾರ ಮುಚ್ಚಿರುತ್ತದೆಯಾದ್ದರಿಂದ ದಿನಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿಕೊಳ್ಳಬೇಕಾಯಿತು.

ಬೆಳಗಾವಿಯ ಕುಂದಾ ಒಯ್ಯಬೇಕೆಂದು ಅಮ್ಮ ಹಟ ಹಿಡಿದಿದ್ದರು. ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಪ್ರಯಾಣಿಕರು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಊರಿನ ಮಣ್ಣನ್ನೂ ತರುವಂತಿಲ್ಲ. ಆದ್ದರಿಂದ ತುಪ್ಪ ಸೋಕಿಸದೆ ಎಣ್ಣೆಯಲ್ಲಿ ಬೇಯಿಸಿದ ಶೇಂಗಾ ಹೋಳಿಗೆ, ಒಂದು ಚೀಟಿ ಕುಂಕುಮ ಮತ್ತು ಮುತ್ತಜ್ಜಿಯ ಫೋಟೋ ಇಷ್ಟನ್ನೇ ಕಟ್ಟಿಕೊಂಡು ಅಕ್ಟೋಬರ್ ಕೊನೆಯಲ್ಲಿ ಹೊರಟೆವು.

ನಗರ ನೋಡುವ ಎರಡು ದಿನಗಳನ್ನೂ ಸಣ್ಣಜ್ಜನ ಕಾಲದೊಂದಿಗೆ ಹೊಂದಿಸಿದ್ದು ನಮಗೆ ಬಹಳ ಒಳ್ಳೆಯದಾಯಿತು. ಅವರಿದ್ದ ಎಂಟನೆಯ ಭಾರತೀಯ ಡಿವಿಷನ್ ಎಂಬ ಸೇನಾವಿಭಾಗ 1944ರ ಆಗಸ್ಟಿನಲ್ಲಿ ಆರ್ನೊ ನದಿಯ ತೀರದಲ್ಲಿತ್ತು. ಆಗಸ್ಟ್ 3ರ ರಾತ್ರಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯ ಪೊಂಟೆ ವೆಕ್ಕಿಯೊ ಒಂದನ್ನು ಬಿಟ್ಟು ನಗರದ ಉಳಿದ ಸೇತುವೆಗಳನ್ನೆಲ್ಲ ಸ್ಫೋಟಿಸಿತ್ತು. ಪ್ರವಾಸಿಗರೆಲ್ಲ ಪೊಂಟೆ ವೆಕ್ಕಿಯೊ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದರೆ, ನಾವು ಅದರ ಪಕ್ಕದ ಸಾಂತಾ ತ್ರಿನಿತಾ ಸೇತುವೆಯ ಮೇಲೆ ಒಂದು ಇಳಿಹೊತ್ತನ್ನೆಲ್ಲ ಕಳೆದೆವು. ನದಿಯಿಂದ ಎತ್ತಿದ ಹಳೆಯ ಕಲ್ಲುಗಳನ್ನೂ ಬಳಸಿ ಆ ಸೇತುವೆಯನ್ನು ಮೊದಲಿದ್ದಂತೆಯೇ ಕಟ್ಟಿ 1958ರಲ್ಲಿ ಮತ್ತೆ ತೆರೆದರು. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಋತುಗಳ ಮೂರ್ತಿಗಳಿವೆ. ವಸಂತದ ಮೂರ್ತಿಯ ತಲೆ ಮಾತ್ರ ಸಿಗದೆ, 1961ರಲ್ಲಿ ನದಿಯ ತಳದಲ್ಲಿ ದೊರೆತು ಹೆಗಲನ್ನು ಸೇರಿತು. ಅಪ್ಪ ಆ ಕುತ್ತಿಗೆಯ ಬೆಸುಗೆಯನ್ನು ಕಾಣಲು ಮೂರು ಬಾರಿ ಕನ್ನಡಕ ಒರೆಸಿಕೊಂಡರು.

ಎರಡನೆಯ ದಿನ ಕಸ್ಸೀನೆ ಉದ್ಯಾನದ ಪಶ್ಚಿಮದ ತುದಿಯವರೆಗೂ ನಡೆದೆವು. ಅಲ್ಲಿ ಮುನ್ಯೋನೆ ಹೊಳೆ ಆರ್ನೊವನ್ನು ಸೇರುತ್ತದೆ. ಇಂಗ್ಲೆಂಡಿನಿಂದ ಮರಳುತ್ತಿದ್ದ ಕೊಲ್ಹಾಪುರದ ತರುಣ ಮಹಾರಾಜ ರಾಜಾರಾಮ ಛತ್ರಪತಿಗಳು 1870ರ ನವೆಂಬರ್ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡಾಗ, ವಿಶೇಷ ಅನುಮತಿ ಪಡೆದು ಇದೇ ಸಂಗಮದಲ್ಲಿ ಅವರ ದಹನ ನಡೆಸಿದರು. ಮಂಟಪದಂತಹ ಛತ್ರಿಯ ಕೆಳಗೆ ಅವರ ಬಣ್ಣದ ಎದೆಪ್ರತಿಮೆಯಿದೆ. ಹತ್ತಿರದ ಸೇತುವೆಯ ಹೆಸರೇ ‘ಭಾರತೀಯನ ಸೇತುವೆ’. ಬೆಳಗಾವಿಯವರಿಗೆ ಕೊಲ್ಹಾಪುರ ನೆರೆಮನೆಯಿದ್ದಂತೆ. ಅರಸರ ಕುಲದವರಿಗೂ ನಮ್ಮ ಮನೆಯ ಸಿಪಾಯಿಗೂ ಈ ದೇಶದಲ್ಲೇ ಚಿತೆ ಉರಿಯಿತೆಂಬುದು ಅಪ್ಪನನ್ನು ತುಂಬ ಕಾಡಿತು. ಫ್ಲಾರೆನ್ಸಿಗೆ ಹೋಗುವವರಿಗೆ ಈ ಜಾಗವನ್ನು ತಪ್ಪಿಸಬೇಡಿ ಎಂದೇ ಹೇಳುತ್ತೇನೆ, ಆದರೆ ನಡಿಗೆ ದೂರದ್ದು.

ಫೋರ್ಲಿಗೆ ಬೊಲೊನ್ಯಾ ಮಾರ್ಗದ ರೈಲೂ ಇದೆ. ನಾವು ಬೇಕೆಂದೇ ಬೊರ್ಗೊ ಸಾನ್ ಲೊರೆಂಝೊ, ಮರ್ರಾದಿ ಊರುಗಳ ಮೇಲೆ ಬೆಟ್ಟ ದಾಟಿ ಫಾಯೆಂಝಾಕ್ಕೆ ಇಳಿಯುವ ಹಳೆಯ ರೈಲುದಾರಿಯನ್ನು ಹಿಡಿದೆವು, ಏಕೆಂದರೆ ಆ ಶರತ್ಕಾಲದಲ್ಲಿ ಡಿವಿಷನ್ ಕಾದಾಡುತ್ತ ಮುಂದುವರಿದದ್ದು ಆ ಕಣಿವೆಗಳಲ್ಲಿಯೇ. ಮಳೆ, ಮಂಜು, ಒಂದರ ಹಿಂದೊಂದು ಸುರಂಗ. ಮಲಪ್ರಭೆಯ ಬಯಲಿನ ಹುಡುಗನಿಗೆ ಈ ಚಳಿ ಹೇಗಾಗಿರಬೇಕೆಂದು ಅಪ್ಪ ಕೇಳಿದರು. ಫಾಯೆಂಝಾದಲ್ಲಿ ರೈಲು ಬದಲಿಸಿದರೆ ಫೋರ್ಲಿ ಸಮೀಪವೇ.

ಅಲ್ಲಿ ಒಂದು ತಪ್ಪಾಯಿತು. ಫೋರ್ಲಿಯಲ್ಲಿ ಆಯೋಗದ ಎರಡು ಸ್ಮಶಾನಗಳಿವೆ. ನಾನು ಟ್ಯಾಕ್ಸಿಯಲ್ಲಿ ‘ಯುದ್ಧ ಸ್ಮಶಾನ’ ಎಂದಷ್ಟೇ ಹೇಳಿದ್ದರಿಂದ ಚಾಲಕರು ನಮ್ಮನ್ನು ಇನ್ನೊಂದಕ್ಕೆ ಕರೆದೊಯ್ದರು. ‘ಭಾರತೀಯ ಸೈನ್ಯದ ಯುದ್ಧ ಸ್ಮಶಾನ’ ಎಂಬ ಪೂರ್ತಿ ಹೆಸರನ್ನು ಕಾಗದದಲ್ಲಿ ಬರೆದು ತೋರಿಸುವುದು ಅಗತ್ಯ. ಇದು ಊರಿನ ಸಾರ್ವಜನಿಕ ಸ್ಮಶಾನದ ಮಗ್ಗುಲಲ್ಲೇ ಇದೆ. ನವೆಂಬರ್ 2ರಂದು ಇಟಲಿಯವರು ತಮ್ಮ ಹಿರಿಯರ ಸಮಾಧಿಗಳಿಗೆ ಸೇವಂತಿಗೆ ಒಯ್ಯುವ ವಾಡಿಕೆಯಿರುವುದರಿಂದ ಬಾಗಿಲ ಬಳಿ ಸೇವಂತಿಗೆಯ ರಾಶಿಯೇ ಇತ್ತು. ಹೂವಿಗಾಗಿ ಅಲೆಯಬೇಕಾದೀತೆಂದು ಹೆದರಿದ್ದ ನಮಗೆ ನಮ್ಮ ಪೂಜೆಯ ಹೂವೇ ಸಿಕ್ಕಿತು.

ದಹನ ಸ್ಮಾರಕದಲ್ಲಿ 750ಕ್ಕೂ ಹೆಚ್ಚು ಹೆಸರುಗಳಿವೆ. ಸಂಖ್ಯೆ ತಿಳಿದಿದ್ದರಿಂದ ಹುಡುಕಾಟ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅಪ್ಪ ಅಕ್ಷರಗಳ ಮೇಲೆ ಬೆರಳಾಡಿಸಿ, “ಕಾಕಾ, ನಾ ನಿಮ್ಮ ಅಣ್ಣನ ಮಗ ಬಂದೀನಿ” ಎಂದರು. ಕಲ್ಲಿಗೆ ಕುಂಕುಮ ಹಚ್ಚಲು ಅವರ ಕೈ ಮುಂದಾದಾಗ ನಾನು ತಡೆದೆ. ಆ ಕಲ್ಲಿನಲ್ಲಿ ಬೇರೆ ಮನೆಗಳ ಹೆಸರುಗಳೂ ಇವೆ, ಕಲೆ ಹೋಗುವುದಿಲ್ಲ. ಮುತ್ತಜ್ಜಿಯ ಫೋಟೋಕ್ಕೆ ಕುಂಕುಮವಿಟ್ಟು ಅದನ್ನು ಹೆಸರಿನೆದುರು ಹಿಡಿದೆವು, ಬಾಳೆಲೆಯಿಲ್ಲದ್ದರಿಂದ ಕಾಗದದ ಮೇಲೆ ಹೋಳಿಗೆಯ ಎಡೆಯಿಟ್ಟು, ಆಮೇಲೆ ಅಲ್ಲೇ ಕುಳಿತು ತಿಂದೆವು. ಒಂದೂ ಚೂರು ಬಿಡದೆ ಜಾಗವನ್ನು ಒರೆಸಿದೆವು. ಸಂದರ್ಶಕರ ಪುಸ್ತಕದಲ್ಲಿ ಅಪ್ಪ ಕನ್ನಡದಲ್ಲಿ ಸಹಿ ಮಾಡಿದರು.

ಮರುದಿನವನ್ನು ಖಾಲಿ ಬಿಟ್ಟಿದ್ದು ಸಾರ್ಥಕವಾಯಿತು. ಅಪ್ಪ ಮಧ್ಯಾಹ್ನದವರೆಗೆ ಮಲಗಿದರು. ಸಂಜೆ ನಗರದ ಮುಖ್ಯ ಚರ್ಚಾದ ದುವೋಮೊದ ಗುಮ್ಮಟವನ್ನು ಕೆಳಗಿನಿಂದಲೇ ನೋಡಿದೆವು. 463 ಮೆಟ್ಟಿಲುಗಳನ್ನು ಅವರಿಂದ ಹತ್ತಿಸುವ ಪ್ರಶ್ನೆಯೇ ಇರಲಿಲ್ಲ.

ಉಫಿಝಿಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿತ್ತು. ಯುದ್ಧದ ವೇಳೆ ಅಲ್ಲಿನ ಚಿತ್ರಗಳನ್ನು ಹಳ್ಳಿಗಾಡಿನ ಕೋಟೆಮನೆಗಳಲ್ಲಿ ಬಚ್ಚಿಟ್ಟಿದ್ದರು. 1944ರ ಬೇಸಿಗೆಯಲ್ಲಿ ಮೊಂತೆಗುಫೋನಿ ಕೋಟೆಯಲ್ಲಿ ಚಿತ್ರಕಾರ ಬೊತ್ತಿಚೆಲ್ಲಿಯ ‘ಪ್ರಿಮವೇರಾ’, ಅಂದರೆ ‘ವಸಂತ’ ಎಂಬ ಚಿತ್ರವೂ ಇದ್ದಾಗ ಅಲ್ಲಿ ಬೀಡುಬಿಟ್ಟಿದ್ದು ಮರಾಠಾ ಪಲ್ಟಣ. ಸಣ್ಣಜ್ಜ ಆ ಕೋಟೆಯಲ್ಲಿದ್ದರೆಂಬುದಕ್ಕೆ ನಮ್ಮಲ್ಲಿ ಯಾವ ದಾಖಲೆಯೂ ಇಲ್ಲ, ಇದನ್ನು ಅಪ್ಪನಿಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದೆ. ಆದರೂ ಆ ಚಿತ್ರದ ಮುಂದೆ ಅವರು ಗುಂಪು ಸರಿಯುವವರೆಗೂ ಕಾದು ನಿಂತರು. ಬಳಿಕ, “ಇದರದೂ ಒಂದ ಫೋಟೋ ತಗಿ, ಕಾಕಾನ ಹೆಸರಿನ ಫೋಟೋದ ಬಾಜೂಕ ಹಚ್ಚೋಣು” ಎಂದರು. ಫ್ಲ್ಯಾಶ್ ಆರಿಸಿ ಒಂದು ಚಿತ್ರ ತೆಗೆದುಕೊಂಡೆ.