ಪೋಪ್‌ನಿಂದ ಕೀಟ್ಸ್‌ವರೆಗೆ ಓದುವುದು ಹೇಗೆ

ಇಂಗ್ಲಿಷ್ ಕಾವ್ಯದಲ್ಲಿ ಹದಿನೆಂಟನೆಯ ಶತಮಾನದ ಜ್ಞಾನೋದಯ ಯುಗಕ್ಕೆ ಬುದ್ಧಿ, ಅದರ ಹಿಂದೆ ಬಂದ ರೊಮ್ಯಾಂಟಿಕ್ ಯುಗಕ್ಕೆ ಭಾವ. ಅಲ್ಲಿ ನಗರ, ಇಲ್ಲಿ ಹಳ್ಳಿ. ಅಲ್ಲಿ ನಿಯಮ, ಇಲ್ಲಿ ಸ್ವಾತಂತ್ರ್ಯ. ಎಂ.ಎ. ನೋಟ್ಸ್‌ಗಳಲ್ಲಿ ಈ ಎರಡು ಕಾಲಂಗಳ ಪಟ್ಟಿ ತಪ್ಪದೆ ಇರುತ್ತದೆ. ಅದನ್ನು ಬಾಯಿಪಾಠ ಮಾಡಿಕೊಂಡವರ ಮುಂದೆ ಕವಿಯ ಹೆಸರಿಲ್ಲದ ಹತ್ತು ಸಾಲು ಇಟ್ಟರೆ ಕೈಕಾಲೇ ಆಡುವುದಿಲ್ಲ. ಪಟ್ಟಿ ಪೂರ್ತಿ ಸುಳ್ಳೇನಲ್ಲ, ಆದರೆ ಓದಿ ಮುಗಿಸಿದವರಿಗೆ ನೆನಪಿನ ಗುರುತಾಗಿ ಒದಗುತ್ತದೆಯೇ ಹೊರತು ಓದಿಗೆ ದಾರಿಯಾಗುವುದಿಲ್ಲ. ದಾರಿ ಬೇಕಾದವರು ಒಂದೇ ವಸ್ತುವಿನ ಮೇಲೆ ಎರಡು ಕಾಲದವರು ಬರೆದ ಎರಡು ಪದ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಓದಬೇಕು. ವಾರಕ್ಕೆ ಮೂರು ಸಲ ಒಂದೊಂದು ಗಂಟೆ ಕೂತರೆ ಹತ್ತು ವಾರ ಸಾಕು. ಇದು ಕಾವ್ಯದ ಓದಿನ ಲೆಕ್ಕ. ಕಾದಂಬರಿಗೆ ಸಮಯವನ್ನು ಬೇರೆಯೇ ಇಟ್ಟುಕೊಳ್ಳಿ.

ಮೊದಲು ಕಿವಿ

ಕನ್ನಡದವರು ಎಡವುವುದು ಇಲ್ಲೇ. ನಮ್ಮ ಕಿವಿ ಲಘು–ಗುರು ಎಣಿಸಿ ಪಳಗಿದ್ದು, ಸ್ವರ ಉದ್ದವಾದರೆ ಎರಡು ಮಾತ್ರೆ ಎಂದುಕೊಳ್ಳುತ್ತದೆ. ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಮೇಲೆ. ಜ್ಞಾನೋದಯ ಯುಗದ ಕವಿ ಅಲೆಕ್ಸಾಂಡರ್ ಪೋಪ್‌ನ ‘ಎಸ್ಸೇ ಆನ್ ಕ್ರಿಟಿಸಿಸಂ’ನ (1711) ಒಂದು ಸಾಲು ತೆಗೆದುಕೊಳ್ಳಿ:

ವಾಟ್ ಆಫ್ಟ್ ವಾಸ್ ಥಾಟ್, ಬಟ್ ನೇರ್ ಸೋ ವೆಲ್ ಎಕ್ಸ್‌ಪ್ರೆಸ್ಡ್

ಬೆರಳು ಮಡಿಸಿ ಎಣಿಸಿದರೆ ಹತ್ತು ಉಚ್ಚಾರಾಂಶ ಸಿಗುತ್ತವೆ. ಎರಡು, ನಾಲ್ಕು, ಆರು, ಎಂಟು, ಹತ್ತನೆಯದರ ಮೇಲೆ ಒತ್ತು: ಆಫ್ಟ್, ಥಾಟ್, ನೇರ್, ವೆಲ್, ಪ್ರೆಸ್ಡ್. ನಾಲ್ಕನೆಯದಾದ ಮೇಲೆ ಒಂದು ಉಸಿರಿನಷ್ಟು ನಿಲುಗಡೆ. ಆ ನಿಲುಗಡೆಯ ಆಚೆ ಈಚೆ ಏನಿದೆ ನೋಡಿ: ‘ಎಷ್ಟೋ ಸಲ’ಕ್ಕೆ ಎದುರಾಗಿ ‘ಎಂದೂ ಇಲ್ಲ’, ‘ಯೋಚಿಸಿದ್ದು’ ಎಂಬುದಕ್ಕೆ ಎದುರಾಗಿ ‘ಹೇಳಿದ್ದು’. ತಕ್ಕಡಿಯ ಎರಡು ತಟ್ಟೆ. ಹೀಗೆ ಎರಡೆರಡು ಸಾಲಿಗೆ ಅಂತ್ಯಪ್ರಾಸ ಕೂಡಿಸಿ, ಅರ್ಥವನ್ನೂ ಅಲ್ಲಿಗೇ ಮುಗಿಸುವುದು ಹೀರೋಯಿಕ್ ಕಪ್ಲೆಟ್, ನಮ್ಮ ಮಾತಿನಲ್ಲಿ ದ್ವಿಪದಿ. ‘ನೇರ್’ ಎಂಬುದು ‘ನೆವರ್’ ಪದದ ಒಂದೇ ಉಚ್ಚಾರಾಂಶದ ರೂಪ. ಅದನ್ನು ‘ನೆವರ್’ ಎಂದೇ ಓದಿದರೆ ಸಾಲು ಹನ್ನೊಂದಾಗಿ ಕುಂಟುತ್ತದೆ. ‘ಹೆವನ್’, ‘ಪವರ್’ ಪದಗಳನ್ನೂ ಬಹಳ ಕಡೆ ಒಂದೇ ಉಚ್ಚಾರಾಂಶವಾಗಿ ನುಂಗಬೇಕು.

ಉಚ್ಚಾರಣೆ ಬದಲಾಗಿರುವುದೂ ಕಾಡುತ್ತದೆ. ಪೋಪ್‌ನದೇ ‘ದ ರೇಪ್ ಆಫ್ ದ ಲಾಕ್’ ಕಾವ್ಯದ ಮೂರನೆಯ ಸರ್ಗದ ಆರಂಭದಲ್ಲಿ ರಾಣಿ ಆ್ಯನ್‌ಳನ್ನು ಕುರಿತ ದ್ವಿಪದಿಯೊಂದಿದೆ. ಮೂರು ರಾಜ್ಯಗಳು ತಲೆಬಾಗುವ ಈಕೆ ಕೆಲವೊಮ್ಮೆ ಮಂತ್ರಾಲೋಚನೆ ತೆಗೆದುಕೊಳ್ಳುತ್ತಾಳೆ, ಕೆಲವೊಮ್ಮೆ ಟೀ. ಪ್ರಾಸ ಬಿದ್ದಿರುವುದು ‘ಒಬೇ’ಗೆ. ಅಂದಿನ ಲಂಡನ್ನಿನಲ್ಲಿ ಅದು ‘ಟೇ’. ‘ಟೀ’ ಎಂದು ಓದಿದರೆ ಪ್ರಾಸವೂ ಹೋಯಿತು, ನಗುವೂ ಹೋಯಿತು. ಒಂದೇ ಕ್ರಿಯಾಪದಕ್ಕೆ ರಾಜ್ಯಭಾರವನ್ನೂ ಚಹಾವನ್ನೂ ಗಂಟುಹಾಕುವುದು ಪೋಪ್‌ನ ಅಚ್ಚುಮೆಚ್ಚಿನ ಕೈಚಳಕ. ಇದು ಕಣ್ಣಿಗೆ ಬೀಳುವವರೆಗೂ ಆತ ಒಣ ಉಪದೇಶಕನಂತೆ ಕಾಣುತ್ತಾನೆ.

ಹಾಗೆ ಕಾಣುವುದಕ್ಕೆ ನಮ್ಮ ಕಡೆಯ ಕಾರಣವೂ ಒಂದಿದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಮತ್ತು ಅದರ ಹಿಂದೆ ಬಂದ ನವೋದಯದ ಭಾವಗೀತೆಗಳಿಂದಾಗಿ ರೊಮ್ಯಾಂಟಿಕ್ ಕವಿಗಳ ದನಿ ನಮಗೆ ಮನೆಮಾತಿನಷ್ಟು ಹತ್ತಿರ. ಪೋಪ್‌ಗೆ ಅಂಥ ದಲ್ಲಾಳಿ ಸಿಗಲಿಲ್ಲ. ಆದರೆ ಸರ್ವಜ್ಞನ ತ್ರಿಪದಿ ಓದಿ ಸುಖಪಡುವ ಕಿವಿಗೆ ಪೋಪ್ ಖಂಡಿತ ಪರಕೀಯನಲ್ಲ. ಮಾತನ್ನು ಚಿಕ್ಕದಾಗಿ ಕಡೆದು, ಕೊನೆಗೆ ಚುಚ್ಚುವ ಕಸುಬು ಇಬ್ಬರದೂ.

ಮೊದಲ ಮೂರು ವಾರ

‘ಎಸ್ಸೇ ಆನ್ ಕ್ರಿಟಿಸಿಸಂ’ನ ಮೊದಲ ಭಾಗ ಮಾತ್ರ ಓದಿ, 200 ಸಾಲು. ದಿನಕ್ಕೆ ನಲವತ್ತು ಸಾಲಿಗಿಂತ ಹೆಚ್ಚು ಬೇಡ, ಅದೂ ಗಟ್ಟಿಯಾಗಿ. ನಂತರ ‘ರೇಪ್ ಆಫ್ ದ ಲಾಕ್’: ಐದು ಸರ್ಗ, 794 ಸಾಲು. ಕೊಳ್ಳುವ ಮುನ್ನ ಯಾವ ಆವೃತ್ತಿಯ ಪಾಠ ಎಂದು ನೋಡಿ. 1712ರದು ಬರೀ ಎರಡು ಸರ್ಗದ್ದು, 1714ರಲ್ಲಿ ಐದಾಯಿತು, ಕ್ಲಾರಿಸ್ಸಾ ಎಂಬ ಪಾತ್ರದ ಭಾಷಣ ಸೇರಿದ್ದು 1717ರಲ್ಲಿ. ಮೂರನೆಯ ವಾರಕ್ಕೆ ಗದ್ಯ. ‘ಸ್ಪೆಕ್ಟೇಟರ್’ ಪತ್ರಿಕೆಯ (1711) ಹತ್ತನೆಯ ಸಂಚಿಕೆಯಲ್ಲಿ ಅಡಿಸನ್ ತತ್ತ್ವಶಾಸ್ತ್ರವನ್ನು ಗ್ರಂಥಾಲಯಗಳಿಂದ ಹೊರಗೆ ತಂದು ಕಾಫಿ ಅಂಗಡಿಯಲ್ಲಿ ಕೂರಿಸುವ ಆಸೆ ಹೇಳಿಕೊಳ್ಳುತ್ತಾನೆ. ಸ್ವಿಫ್ಟ್‌ನ ‘ಎ ಮಾಡೆಸ್ಟ್ ಪ್ರಪೋಸಲ್’ (1729) ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಬಡವರ ಮಕ್ಕಳನ್ನು ತಿಂದರೆ ಐರ್ಲೆಂಡಿನ ಬಡತನ ನೀಗುತ್ತದೆ ಎಂದು ಲೆಕ್ಕ ಕೊಟ್ಟು ವಾದಿಸುವ ಆ ದನಿ ಸ್ವಿಫ್ಟ್‌ನದಲ್ಲ. ಎಲ್ಲಕ್ಕೂ ಅಂಕಿಅಂಶದ ಪರಿಹಾರ ಹುಡುಕುತ್ತಿದ್ದ ಯೋಜನಾಪಂಡಿತರ ಅಣಕು ಅದು. ‘ಜ್ಞಾನೋದಯ ಯುಗ ಬುದ್ಧಿಯನ್ನು ಪೂಜಿಸಿತು’ ಎಂದು ಬರೆಯುವ ಮೊದಲು ಈ ಹತ್ತು ಪುಟ ಓದಿರಬೇಕು.

ಈ ಹಂತದಲ್ಲಿ ಒಂದು ಸಣ್ಣ ಪದಪಟ್ಟಿ ಮಾಡಿಕೊಳ್ಳಿ, ಏಕೆಂದರೆ ಇಂದಿನ ನಿಘಂಟು ಮೋಸ ಮಾಡುತ್ತದೆ. ‘ವಿಟ್’ ಎಂದರೆ ಹಾಸ್ಯ ಮಾತ್ರವಲ್ಲ, ಚುರುಕು ಬುದ್ಧಿ, ಕಲ್ಪನೆ, ಜಾಣ ಮಾತು ಎಲ್ಲವೂ. ‘ನೇಚರ್’ ಎಂದರೆ ಪೋಪ್‌ಗೆ ಗಿಡಮರವಲ್ಲ, ಲೋಕದ ಸ್ಥಿರವಾದ ಕ್ರಮ. ‘ಎಂಥೂಸಿಯಾಸಂ’ ಅಂದು ಬೈಗುಳಕ್ಕೆ ಹತ್ತಿರ. ಜಾನ್ಸನ್ ತನ್ನ 1755ರ ನಿಘಂಟಿನಲ್ಲಿ ಅದಕ್ಕೆ ದೇವರು ತನಗೇ ಗುಟ್ಟು ಹೇಳಿದ್ದಾನೆಂಬ ಪೊಳ್ಳು ನಂಬಿಕೆ ಎಂಬ ಅರ್ಥ ಕೊಟ್ಟಿದ್ದಾನೆ. ಅದೇ ನಿಘಂಟಿನಲ್ಲಿ ‘ರೊಮ್ಯಾಂಟಿಕ್’ ಪದಕ್ಕಿರುವ ಅರ್ಥಗಳಲ್ಲಿ ಒಂದು ‘ಅಸಂಭವ, ಸುಳ್ಳು’. ವರ್ಡ್ಸ್‌ವರ್ತ್ ಆಗಲಿ ಕೀಟ್ಸ್ ಆಗಲಿ ತಮ್ಮನ್ನು ಆ ಹೆಸರಿನ ಪಂಥದವರೆಂದು ಕರೆದುಕೊಳ್ಳಲಿಲ್ಲ. ಅದು ಮುಂದಿನವರು ಅಂಟಿಸಿದ ಚೀಟಿ.

ಜೋಡಿ ಒಂದು: ಎರಡು ಲಂಡನ್

ಜಾನ್ಸನ್ನನ ‘ಲಂಡನ್’ 1738ರದು, ರೋಮಿನ ಜುವೆನಲ್ ಕವಿಯ ಮೂರನೆಯ ವಿಡಂಬನೆಯ ಅನುಕರಣೆ. ಬ್ಲೇಕ್‌ನ ‘ಲಂಡನ್’ 1794ರದು, ಹದಿನಾರೇ ಸಾಲು. ಜಾನ್ಸನ್ನನದನ್ನು ಪೂರ್ತಿ ಓದಲು ಬೇಸರವಾದರೆ ಮೊದಲ ನೂರು ಸಾಲು ಸಾಕು. ಅಲ್ಲಿ ಊರು ಬಿಟ್ಟು ಹೊರಟವನೊಬ್ಬ ಊರಿನ ಕೇಡುಗಳನ್ನು ಒಂದೊಂದಾಗಿ ವಾದಿಸಿ ತೋರಿಸುತ್ತಾನೆ. ಹಿಂದೆ ರೋಮಿನ ಕವಿ ನಿಂತಿದ್ದಾನೆಂಬ ಧೈರ್ಯ ಆ ಮಾತಿಗಿದೆ. ಬ್ಲೇಕ್‌ನಲ್ಲಿ ವಾದವಿಲ್ಲ, ಬೀದಿಯಲ್ಲಿ ನಡೆಯುತ್ತ ಕಂಡಿದ್ದು, ಕೇಳಿದ್ದು ಮಾತ್ರ. ಪೆನ್ಸಿಲ್ ತೆಗೆದುಕೊಂಡು ‘ಚಾರ್ಟರ್ಡ್’ (ಸನದು, ಅಂದರೆ ಹಕ್ಕುಪತ್ರ ಪಡೆದ) ಎಂಬ ಪದಕ್ಕೆ ಗೆರೆ ಎಳೆಯಿರಿ. ಮೊದಲ ಸಾಲಿನಲ್ಲಿ ಬೀದಿಗೆ, ಎರಡನೆಯದರಲ್ಲಿ ಥೇಮ್ಸ್ ನದಿಗೆ ಅದೇ ವಿಶೇಷಣ. ಕರಡಿನಲ್ಲಿ ಬ್ಲೇಕ್ ಮೊದಲು ಬರೆದದ್ದು ‘ಡರ್ಟಿ’. ಕೊಳಕು ಹೋಗಿ ಸನದು ಬಂತು. ಸನದು ಕೆಲವರಿಗೆ ಹಕ್ಕು ಕೊಟ್ಟಂತೆ ಕಂಡರೂ ಉಳಿದವರ ಹಕ್ಕು ಕಿತ್ತುಕೊಳ್ಳುತ್ತದೆ ಎಂದು ಥಾಮಸ್ ಪೇನ್ ‘ರೈಟ್ಸ್ ಆಫ್ ಮ್ಯಾನ್’ನಲ್ಲಿ (1791–92) ವಾದಿಸಿ ಆಗಷ್ಟೇ ಎರಡು ವರ್ಷ. ಹರಿಯುವ ನೀರಿಗೂ ಸನದು ಕಟ್ಟಿದ ಊರು ಎಂಬ ಸಿಟ್ಟು ಒಂದೇ ಪದದಲ್ಲಿ ಕೂತಿದೆ. ಬ್ಲೇಕ್ ಪದ್ಯಗಳನ್ನು ಚಿತ್ರದ ಜೊತೆಗೇ ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದವನು. ಆದ್ದರಿಂದ ಬರೀ ಅಕ್ಷರ ಓದದೆ ಅಂತರ್ಜಾಲದ ಬ್ಲೇಕ್ ಆರ್ಕೈವ್‌ನಲ್ಲಿ ಮೂಲ ಪುಟ ನೋಡಿ.

ಜೋಡಿ ಎರಡು: ಗ್ರೇ ಮತ್ತು ಅವನನ್ನು ತಿದ್ದಿದವನು

ಮಿಕ್ಕದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಎರಡು ಯುಗದ ಜಗಳ ಒಂದೇ ಪುಟದಲ್ಲಿ ಸಿಗುವುದು ಇಲ್ಲಿ. ಥಾಮಸ್ ಗ್ರೇ ತನ್ನ ಗೆಳೆಯ ರಿಚರ್ಡ್ ವೆಸ್ಟ್ ತೀರಿಕೊಂಡಾಗ, 1742ರಲ್ಲಿ, ಒಂದು ಸಾನೆಟ್ ಬರೆದ. ಕೋಲ್‌ರಿಜ್ ಜೊತೆ ಸೇರಿ 1798ರಲ್ಲಿ ಮೊದಲು ತಂದ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಮುನ್ನುಡಿಯಲ್ಲಿ ವರ್ಡ್ಸ್‌ವರ್ತ್ ಆ ಹದಿನಾಲ್ಕು ಸಾಲನ್ನೂ ಎತ್ತಿ ಬರೆದು, ಐದು ಸಾಲುಗಳನ್ನು ಮಾತ್ರ ಓರೆ ಅಕ್ಷರದಲ್ಲಿ ಹಾಕಿ, ಬೆಲೆ ಇರುವುದು ಇವಕ್ಕಷ್ಟೇ ಎಂದ.

ಮುನ್ನುಡಿ ನೋಡುವ ಮೊದಲು ಸಾನೆಟ್ ಅನ್ನು ಬಿಳಿ ಹಾಳೆಗೆ ನಕಲು ಮಾಡಿ ನೀವೇ ಗೆರೆ ಎಳೆಯಿರಿ. ನೇರ ಮಾತಿನ ಸಾಲು ಯಾವುವು, ಒಡವೆ ಹೇರಿಕೊಂಡವು ಯಾವುವು? ಎರಡನೆಯ ಸಾಲಿನಲ್ಲಿ ಸೂರ್ಯ ಬರುವುದಿಲ್ಲ, ಕೆಂಪಾಗುತ್ತಿರುವ ಸೂರ್ಯದೇವ ಫೀಬಸ್ ತನ್ನ ಚಿನ್ನದ ಬೆಂಕಿ ಎತ್ತುತ್ತಾನೆ. ಕೊನೆಯ ಎರಡು ಸಾಲು ಹೀಗಿಲ್ಲ: ಕೇಳಿಸಿಕೊಳ್ಳಲಾರದವನಿಗಾಗಿ ಸುಮ್ಮನೆ ಗೋಳಾಡುತ್ತೇನೆ, ಅಳು ವ್ಯರ್ಥ ಎಂದೇ ಇನ್ನಷ್ಟು ಅಳುತ್ತೇನೆ. ಈಗ ಮುನ್ನುಡಿಗೆ ಹೋಲಿಸಿ. ವರ್ಡ್ಸ್‌ವರ್ತ್ ಆರಿಸಿದ್ದು ಆರರಿಂದ ಎಂಟನೆಯ ಸಾಲು ಮತ್ತು ಈ ಕೊನೆಯ ಎರಡು.

ಇಷ್ಟಕ್ಕೇ ನಿಲ್ಲಿಸಿದರೆ ವರ್ಡ್ಸ್‌ವರ್ತ್ ಗೆದ್ದಂತೆ. ‘ಬಯಾಗ್ರಫಿಯಾ ಲಿಟರೇರಿಯಾ’ದ (1817) ಹದಿನೆಂಟನೆಯ ಅಧ್ಯಾಯದಲ್ಲಿ ಕೋಲ್‌ರಿಜ್ ಗೆಳೆಯನನ್ನೇ ತಡೆದು ನಿಲ್ಲಿಸುತ್ತಾನೆ. ಫೀಬಸ್ ಸಾಲು ಕೆಟ್ಟದ್ದೇ ನಿಜ, ಆದರೆ ಅದು ಗದ್ಯದ ಮಾತಿಗಿಂತ ಬೇರೆಯಾಗಿದೆ ಎಂದಲ್ಲ. ವಸ್ತುವನ್ನೂ ಅದರ ದೇವತೆಯನ್ನೂ ಕಲಸಿಬಿಟ್ಟಿದೆ ಎಂದು. ಈ ಮೂರನೆಯ ದನಿ ಕೇಳಿದ ಮೇಲೆ ‘ರೊಮ್ಯಾಂಟಿಕರು ಆಡುಮಾತನ್ನು ಒಪ್ಪಿದರು’ ಎಂಬ ನೋಟ್ಸ್ ವಾಕ್ಯ ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ. ಸಮಯವಿದ್ದರೆ ಗ್ರೇಯ ‘ಎಲಿಜಿ’ಯನ್ನೂ (1751, 128 ಸಾಲು) ಓದಿ. ಸ್ಮಶಾನ, ಮುಸ್ಸಂಜೆ, ಹೆಸರಿಲ್ಲದ ಹಳ್ಳಿಗರು ಅಲ್ಲಿ ಆಗಲೇ ಬಂದು ಕೂತಿದ್ದಾರೆ, 1798ಕ್ಕೆ ಕಾಯದೆ.

ಮುನ್ನುಡಿಯ ಬಗ್ಗೆ ಎರಡು ಎಚ್ಚರಿಕೆ. 1798ರ ಆವೃತ್ತಿಯಲ್ಲಿ ಇದ್ದದ್ದು ಒಂದು ಪುಟ್ಟ ಪ್ರಕಟಣೆ ಮಾತ್ರ. ಮುನ್ನುಡಿ 1800ರದು, 1802ರಲ್ಲಿ ಬೆಳೆಯಿತು. ‘ಕವಿ ಎಂದರೆ ಯಾರು’ ಎಂಬ ಪ್ರಸಿದ್ಧ ಭಾಗ 1802ರ ಸೇರ್ಪಡೆ. ಇನ್ನೊಂದು, ಕಾವ್ಯವೆಂದರೆ ಭಾವ ತಾನಾಗಿ ಉಕ್ಕುವುದು ಎಂಬ ಅರ್ಧ ವಾಕ್ಯವನ್ನಷ್ಟೇ ಎತ್ತಬೇಡಿ. ಅದೇ ವಾಕ್ಯದ ಉಳಿದರ್ಧ, ಹಾಗೆ ಬರೆಯುವವನು ದೀರ್ಘವಾಗಿ, ಆಳವಾಗಿ ಚಿಂತಿಸಿದವನಾಗಿರಬೇಕು ಎನ್ನುತ್ತದೆ.

ಜೋಡಿ ಮೂರು: ಹಾಳೂರು ಮತ್ತು ಕಲ್ಲಿನ ರಾಶಿ

ಗೋಲ್ಡ್‌ಸ್ಮಿತ್‌ನ ‘ಡೆಸರ್ಟೆಡ್ ವಿಲೇಜ್’ (1770, 430 ಸಾಲು), ವರ್ಡ್ಸ್‌ವರ್ತ್‌ನ ‘ಮೈಕಲ್’ (1800). ಎರಡರಲ್ಲೂ ಹಳ್ಳಿ ಬದುಕು ಮುರಿಯುತ್ತದೆ. ಗೋಲ್ಡ್‌ಸ್ಮಿತ್ ದ್ವಿಪದಿಯಲ್ಲಿ ಕಾರಣ ಹೇಳುತ್ತಾನೆ: ಸಂಪತ್ತು ಗುಡ್ಡೆಬಿದ್ದು ಮನುಷ್ಯರು ಸೊರಗುವ ನಾಡಿಗೆ ಕೇಡು. ಅವನ ಮೇಷ್ಟ್ರು, ಪಾದ್ರಿ ಇಬ್ಬರಿಗೂ ಹೆಸರಿಲ್ಲ. ಯಾವ ಊರಿನಲ್ಲಿಟ್ಟರೂ ಒಪ್ಪುತ್ತಾರೆ. ಮೈಕಲ್‌ಗೆ ಹೆಸರಿದೆ, 84 ವಯಸ್ಸಿದೆ, ಕಟ್ಟಲು ಹೊರಟ ಕುರಿದೊಡ್ಡಿಯಿದೆ. ಮಗ ಲ್ಯೂಕ್ ಪಟ್ಟಣಕ್ಕೆ ಹೋಗಿ ಕೆಟ್ಟ ಮೇಲೆ ಮುದುಕ ಎಷ್ಟೋ ದಿನ ಆ ಜಾಗಕ್ಕೆ ಹೋಗುತ್ತಿದ್ದ, ಒಂದು ಕಲ್ಲನ್ನೂ ಎತ್ತಲಿಲ್ಲ ಎಂದು ಒಂದು ಸಾಲು. ವಿಶೇಷಣವಿಲ್ಲ, ಉಪಮೆಯಿಲ್ಲ. ಗೋಲ್ಡ್‌ಸ್ಮಿತ್‌ನಲ್ಲಿ ಐವತ್ತು ಸಾಲು ಆರಿಸಿ ವಿಶೇಷಣ ಎಣಿಸಿ, ‘ಮೈಕಲ್’ನ ಕೊನೆಯ ಐವತ್ತರಲ್ಲೂ ಎಣಿಸಿ.

ಉಳಿದ ವಾರಗಳು

ವರ್ಡ್ಸ್‌ವರ್ತ್‌ನ ‘ಟಿಂಟರ್ನ್ ಆ್ಯಬಿ’ಯನ್ನು ಸರಳ ರಗಳೆಯ (ಪ್ರಾಸವಿಲ್ಲದ ಬ್ಲ್ಯಾಂಕ್ ವರ್ಸ್‌ನ) ಕಿವಿಯಿಂದ ಓದಿ. ಮೊದಲ ಇಪ್ಪತ್ತು ಸಾಲಿನಲ್ಲಿ ವಾಕ್ಯ ಮುಗಿದಲ್ಲೆಲ್ಲ ಅಡ್ಡಗೆರೆ ಹಾಕಿ. ಪೋಪ್‌ನಲ್ಲಿ ಆ ಗೆರೆಗಳು ಬಹುಪಾಲು ಸಾಲಿನ ತುದಿಗೆ ಬಿದ್ದಿದ್ದವು, ಇಲ್ಲಿ ಸಾಲಿನ ನಡುವೆಯೂ ಬೀಳುತ್ತವೆ. ಪದ್ಯದೊಳಗೆ ಆ್ಯಬಿ (ಕ್ರೈಸ್ತ ಮಠ) ಹುಡುಕಬೇಡಿ, ಅದು ಶೀರ್ಷಿಕೆಯಲ್ಲಷ್ಟೇ ಇದೆ. ಕೋಲ್‌ರಿಜ್‌ನ ‘ಏನ್ಷೆಂಟ್ ಮ್ಯಾರಿನರ್’ ಓದುವಾಗ ಅಂಚಿನ ಗದ್ಯ ಟಿಪ್ಪಣಿಗಳನ್ನು ಮೊದಲ ಸಲ ಕೈಯಿಂದ ಮುಚ್ಚಿಕೊಳ್ಳಿ. ಅವು 1817ರಲ್ಲಿ ಸೇರಿದವು, 1798ರ ಓದುಗನಿಗೆ ಆ ಊರುಗೋಲು ಇರಲಿಲ್ಲ. ಇಂಥದೇ ಗೊಂದಲ ವರ್ಡ್ಸ್‌ವರ್ತ್‌ನ ‘ಪ್ರಿಲ್ಯೂಡ್’ನದು: 1805ರ ಪಾಠ ಹದಿಮೂರು ಭಾಗ, 1850ರದು ಹದಿನಾಲ್ಕು. ಗುಟೆನ್‌ಬರ್ಗ್ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳುವವರು ಯಾವುದು ಎಂದು ನೋಡಿಕೊಳ್ಳಬೇಕು.

ಶೆಲ್ಲಿಯ ‘ಓಡ್ ಟು ದ ವೆಸ್ಟ್ ವಿಂಡ್’ಗೆ ಒಂದು ದಿನ ಸಾಕು: ಐದು ಭಾಗ, ತಲಾ ಹದಿನಾಲ್ಕು ಸಾಲು. ಮೂರು ಮೂರು ಸಾಲಿನ ಕೊಂಡಿಯ ಪ್ರಾಸ, ಕೊನೆಗೆ ದ್ವಿಪದಿ. ಸಾನೆಟ್‌ನ ಅಳತೆಗೆ ಇಟಲಿಯ ಕವಿ ಡಾಂಟೆಯ ಕಟ್ಟು. ನಿಯಮ ಮುರಿದವರು ಎನ್ನುವ ಕಾಲಂ ಇಲ್ಲಿ ಬಿದ್ದೇಹೋಗುತ್ತದೆ. ಕೀಟ್ಸ್‌ನ 1819ರ ಪ್ರಗಾಥಗಳಿಗೆ (ಓಡ್‌ಗಳಿಗೆ) ಎರಡು ವಾರ ಕೊಡಿ. ‘ಟು ಆಟಮ್’ ಮೂವತ್ತಮೂರೇ ಸಾಲು, ಅವಸರ ಮಾಡಿದರೆ ಏನೂ ಸಿಗುವುದಿಲ್ಲ. ಜೊತೆಗೆ ‘ಸ್ಲೀಪ್ ಆ್ಯಂಡ್ ಪೊಯಟ್ರಿ’ಯಲ್ಲಿ (1817) ಆತ ಹಿಂದಿನ ಕವಿಗಳನ್ನು ಆಟದ ಮರದ ಕುದುರೆ ಏರಿ ತೂಗಾಡುತ್ತ ಅದನ್ನೇ ಕಾವ್ಯದ ರೆಕ್ಕೆಕುದುರೆ ಪೆಗಾಸಸ್ ಎಂದುಕೊಂಡವರು ಎಂದು ಹಂಗಿಸುವ ಜಾಗ ಹುಡುಕಿ. ಹಂಗಿಸಿದ್ದೂ ದ್ವಿಪದಿಯಲ್ಲೇ! ಬೈರನ್‌ಗೆ ಇದು ಸಹಿಸಲಿಲ್ಲ, ಅವನಿಗೆ ಪೋಪ್ ಆರಾಧ್ಯ ಕವಿ. ‘ಡಾನ್ ಜುವಾನ್’ನ (1819–24) ಮೊದಲ ಸರ್ಗದಲ್ಲಿ ಎಂಟು ಸಾಲಿನ ಪದ್ಯಗಳ ಕೊನೆಯ ಎರಡು ಸಾಲನ್ನಷ್ಟೇ ಬೇರೆಯಾಗಿ ಓದಿಕೊಂಡು ಹೋಗಿ, ರಾಣಿ ಆ್ಯನ್‌ಳ ಟೀ ನೆನಪಾಗುತ್ತದೆ.

ಹತ್ತನೆಯ ವಾರದ ಕೊನೆಗೆ ಯಾರಿಂದಲಾದರೂ ಹೆಸರು ಮರೆಮಾಡಿದ ಹತ್ತು ಸಾಲುಗಳ ಐದು ಚೀಟಿ ಮಾಡಿಸಿ. ವಾಕ್ಯ ಎಲ್ಲಿ ಮುಗಿಯುತ್ತದೆ, ಮೀನಿಗೆ ಮೀನು ಎನ್ನುತ್ತಾನೋ ‘ಫಿನ್ನಿ ಟ್ರೈಬ್’ (ಈಜುರೆಕ್ಕೆಯ ಬಳಗ) ಎನ್ನುತ್ತಾನೋ, ಮಾತಾಡುವವನು ಎಲ್ಲಿ ನಿಂತಿದ್ದಾನೆ ಎಂಬ ಮೂರನ್ನು ನೋಡಿ ಕಾಲ ಹೇಳಿ. ಐದರಲ್ಲಿ ಒಂದು ಚೀಟಿ ಕೂಪರ್‌ನ ‘ದ ಟಾಸ್ಕ್’ನದಾಗಿರಲಿ. ಸರಳ ರಗಳೆ, ಹೊಲದ ದಾರಿ, ‘ನಾನು’ ಎನ್ನುವ ಮೆಲುದನಿ, ಎಲ್ಲ ನೋಡಿ ವರ್ಡ್ಸ್‌ವರ್ತ್ ಎಂದೇ ಬರೆಯುತ್ತೀರಿ. ಅದು ಅಚ್ಚಾದದ್ದು 1785ರಲ್ಲಿ, ವರ್ಡ್ಸ್‌ವರ್ತ್ ಇನ್ನೂ ಶಾಲೆಯಲ್ಲಿದ್ದಾಗ.