ಬೀದಿಯಿಂದಲ್ಲ, ಮನೆಯಿಂದ ಶುರು ಮಾಡಿದೆ

ಕಳೆದ ಡಿಸೆಂಬರ್‌ನಲ್ಲಿ ನಮ್ಮೂರ ಹಾಲಿನ ಡೈರಿ ಹತ್ತಿರ ಒಂದೇ ಒಂದು ನಾಯಿಮರಿ ಸಿಕ್ಕಿತು. 2020ರಲ್ಲಿ ಅದೇ ತಿಂಗಳು ನಾನು ಎಣಿಸಿದ್ದು 30ರ ಮೇಲೆ. ಗೋಣಿಚೀಲದಲ್ಲಿ ತಂದು ಬಿಟ್ಟಿದ್ದವು. ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ‘ಮರಿ ಆಗದ ಹಾಗೆ ಎಷ್ಟು ಆಪರೇಷನ್ ಮಾಡಿಸಿದ್ರೂ ನಾಯಿ ಕಮ್ಮಿ ಆಗಲ್ಲ ಮಾರಾಯ’ ಎಂದವರೇ ಈಗ ಪಕ್ಕದ ಊರಿಗೂ ಬಾ ಎಂದು ಕರೆಯುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟದ ಊರು ನಮ್ಮದು. ಮೊದಲ ಎರಡು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಲೆ ಹಿಡಿದು ಬೀದಿನಾಯಿಗಳ ಹಿಂದೆ ಓಡಿ ಆಪರೇಷನ್ ಮಾಡಿಸಿದೆ. ವರ್ಷಕ್ಕೆ 14–15 ನಾಯಿ, ಓಮ್ನಿ ಬಾಡಿಗೆ, ಔಷಧಿ, ಊಟ, ಎಲ್ಲ ಸೇರಿ 35 ಸಾವಿರದ ಹತ್ತಿರ ಹೋಯಿತು. ಅಡಿಕೆ ಮಾರಿದ ದುಡ್ಡು. ಮನೆಯಲ್ಲಿ ಎಷ್ಟು ಮಾತು ಕೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಡಿಸೆಂಬರ್ ಬಂದರೆ ಡೈರಿ ಹತ್ತಿರ ಮತ್ತೆ ಅಷ್ಟೇ ಮರಿಗಳು.

ಆಗ ನೋಟ್‌ಬುಕ್ ಹಿಡಿದು ಮನೆಮನೆ ತಿರುಗಿದೆ. 120 ಮನೆ, ಅದರಲ್ಲಿ 22 ಹೆಣ್ಣುನಾಯಿ. ಎಲ್ಲವೂ ತೋಟ ಕಾಯುವ, ರಾತ್ರಿ ಬಿಟ್ಟ ನಾಯಿಗಳು. ಒಂದೊಂದು 5–6 ಮರಿ ಹಾಕಿದರೂ ಲೆಕ್ಕ ನೂರು ದಾಟುತ್ತದೆ. ಗಂಡು ಮರಿಗೆ ಕೇಳುವವರು ಇರುತ್ತಾರೆ, ಹೆಣ್ಣು ಮರಿ ಚೀಲಕ್ಕೆ ಹೋಗುತ್ತದೆ. ನಮ್ಮೂರಲ್ಲಿ ಬೀದಿನಾಯಿ ಅನ್ನುವುದರಲ್ಲಿ ಬಹಳಷ್ಟು ಯಾರದೋ ಕೊಟ್ಟಿಗೆಯಲ್ಲಿ ಹುಟ್ಟಿದವು. ಆ ಮರಿಗಳ ಹೊಣೆ ನಾಯಿಯದೂ ಅಲ್ಲ, ಬೀದಿಯದೂ ಅಲ್ಲ.

ಇಷ್ಟು ಗೊತ್ತಾದರೂ ಮೂರನೇ ವರ್ಷವೂ ಸೋತೆ. ‘ಫ್ರೀಯಾಗಿ ಮಾಡಿಸಿಕೊಡ್ತೀನಿ’ ಎಂದೆ. ಬಂದದ್ದು ಮೂರು ನಾಯಿ. ಪಾಪ ತಟ್ಟುತ್ತದೆ, ನಾಯಿ ಬೊಗಳುವುದೇ ಇಲ್ಲ, ದಪ್ಪ ಆಗಿ ಮಲಗಿಬಿಡುತ್ತದೆ ಎಂದೆಲ್ಲ ಹೇಳಿದರು. ಬಂದ ಮೂರರಲ್ಲಿ ಒಂದು ನಾಯಿಯ ಹೊಲಿಗೆ ನಾಲ್ಕನೇ ದಿನ ಬಿಚ್ಚಿಹೋಯಿತು. ಯಾರೂ ನೋಡಿರಲಿಲ್ಲ. ಆ ನಾಯಿ ಉಳಿಯಲಿಲ್ಲ. ಅದರ ಹೆಸರು ಈಗಲೂ ನೋಟ್‌ಬುಕ್‌ನಲ್ಲಿದೆ.

ಆಮೇಲೆ ಲೆಕ್ಕ ಬದಲಿಸಿದೆ. ಒಂದು ಹೆಣ್ಣುನಾಯಿಗೆ ಆಗ ಸುಮಾರು 1,200 ಬೀಳುತ್ತಿತ್ತು. ಅರ್ಧ ನೀವು ಕೊಡಿ, ಅರ್ಧ ನಾನು ಎಂದೆ. ಆಶ್ಚರ್ಯ ಅಂದರೆ ಆ ವರ್ಷ 9 ಮನೆಯವರು ಒಪ್ಪಿದರು. ತಮ್ಮ 600 ಹೋಗಿದೆ ಎಂದಮೇಲೆ ಹೊಲಿಗೆಯನ್ನೂ ದಿನಾ ನೋಡಿದರು. ಆಪರೇಷನ್ ದಿನವೇ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿದೆ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಈಗ 22ರಲ್ಲಿ 20 ಮುಗಿದಿವೆ. ಈ 20ರ ಆಪರೇಷನ್‌ಗೆ ನನ್ನ ಕೈಯಿಂದ ಹೋದದ್ದು 14 ಸಾವಿರದ ಹತ್ತಿರ ಇರಬಹುದು. ಬಲೆಯ ಒಂದು ವರ್ಷದ ಖರ್ಚಿನ ಅರ್ಧವೂ ಅಲ್ಲ. ಸುತ್ತಮುತ್ತ ಹೀಗೆ ಮಾಡಿದ ಇನ್ನೊಂದು ಊರನ್ನು ನಾನು ಕಂಡಿಲ್ಲ.

ಪಂಚಾಯಿತಿಯಲ್ಲಿ ಒಮ್ಮೆ ದೊಡ್ಡ ಜಗಳ ಆಯಿತು. ಎಲ್ಲ ಪಂಚಾಯಿತಿಯೇ ಮಾಡಬೇಕು ಎಂದು ಕೆಲವರು, ಹಿಡಿದು ಕಾಡಿಗೆ ಬಿಡಿ ಎಂದು ಇನ್ನು ಕೆಲವರು. ನಾನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಓದಿ ಹೇಳಿದೆ. ಬೀದಿನಾಯಿಯ ಆಪರೇಷನ್, ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಸಾಕಿದ ನಾಯಿಯದು ಸಾಕಿದವರ ಹೊಣೆ. ಆಪರೇಷನ್ ಆದ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುತ್ತದೆ ಆ ನಿಯಮ. ಮರಿಯನ್ನು ಹಸಿವಿಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ಅದಾದಮೇಲೆ ಸದಸ್ಯರೊಬ್ಬರು ತಮ್ಮ ನಾಯಿಯನ್ನು ತಾವೇ ತಂದರು.

ಮಾಡುವವರಿಗೆ ಒಂದೆರಡು ಮಾತು. ನಮ್ಮ ಕಡೆ ಮೇ ತಿಂಗಳೇ ಸರಿ. ಕೊಯ್ಲು ಮುಗಿದಿರುತ್ತದೆ, ಮಳೆ ಹಿಡಿದಿರುವುದಿಲ್ಲ. ಆಷಾಢದಲ್ಲಿ ಮಾಡಿಸಿದ ಎರಡು ನಾಯಿಗೆ ಗಾಯ ಒಣಗಲು 20 ದಿನ ಬೇಕಾಯಿತು. ಕಾರ್ತಿಕದಲ್ಲಿ ಬೆದೆಗೆ ಬಂದಿರುತ್ತವೆ, ರಕ್ತ ಜಾಸ್ತಿ ಹೋಗುತ್ತದೆ ಎಂದು ಡಾಕ್ಟರು ವಾಪಸ್ ಕಳಿಸಿದರು, ಓಮ್ನಿ ಬಾಡಿಗೆ ದಂಡ. ಹಿಂದಿನ ರಾತ್ರಿ ಊಟ ಹಾಕಬೇಡಿ ಎಂದರೆ ಮನೆಯ ಅಜ್ಜಿ ಪಾಪ ಅಂತ ಬೆಳಗ್ಗೆ ಗಂಜಿ ಹಾಕಿರುತ್ತಾರೆ. ಅಜ್ಜಿಗೇ ಮೊದಲು ಹೇಳಿ. ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಇಲ್ಲಿ ನಿಲ್ಲಲಿಲ್ಲ, ಬೇಲಿಗೆ ಸಿಕ್ಕಿ ಒಡೆದವು. ಹಳೆಯ ಬನಿಯನ್ ಹೊಟ್ಟೆಗೆ ಕಟ್ಟಿದ್ದು ಚೆನ್ನಾಗಿ ಕೆಲಸ ಮಾಡಿತು. ಗಂಟು ಬೆನ್ನ ಮೇಲೆ ಬರಬೇಕು.

ನಡುವೆ ಗಂಡುನಾಯಿಗಳಿಗೂ ಮಾಡಿಸಿ ನೋಡಿದೆ, ಆರು. ಆಪರೇಷನ್ ಆದಮೇಲೂ ಕೆಲವು ವಾರ ಅವುಗಳಿಂದ ಮರಿ ಆಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಎಂಟನೇ ದಿನಕ್ಕೇ ಬಿಟ್ಟೆ, ಪಕ್ಕದ ಮನೆಯಲ್ಲಿ ಐದು ಮರಿ. ಅಷ್ಟೂ ಮರಿಗಳಿಗೆ ನಾನೇ ಮನೆ ಹುಡುಕಿದೆ. ದುಡ್ಡು ಕಡಿಮೆ ಇದ್ದರೆ ಹೆಣ್ಣಿಗೇ ಮೊದಲು ಖರ್ಚು ಮಾಡಿ.

ಬೆಕ್ಕಿನ ಕೆಲಸ ಈಗ ಶುರುವಾಗಿದೆ. ಮರಿಗೆ ಹಾಲು ಕೊಡುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬ ಆಗುತ್ತದೆ, ಹಾಗಾಗಿ ಕಾಯುತ್ತಾ ಕೂರುವಂತಿಲ್ಲ. ಬೆಕ್ಕು ಹಿಡಿಯುವ ಗೂಡಿನೊಳಗೆ ಒಣಮೀನು ಇಟ್ಟರೆ ಊರಿನ ಬೆಕ್ಕೆಲ್ಲ ಬರುತ್ತದೆ, ಬೇಕಾದದ್ದು ಬರುವುದಿಲ್ಲ. ಬೇಕಾದದ್ದನ್ನೇ ಬರಿಸುವುದು ಹೇಗೆ ಎಂದು ಕಂಡುಕೊಂಡಿದ್ದೇನೆ. ಅದನ್ನು ಇನ್ನೊಂದು ವರ್ಷ ನೋಡಿಯೇ ಹೇಳುತ್ತೇನೆ.

ಉಳಿದಿರುವುದು ಎರಡು ಮನೆ. ಒಬ್ಬರು ಮೇನಲ್ಲಿ ಕಳಿಸುತ್ತೇನೆ ಎಂದಿದ್ದಾರೆ. ಇನ್ನೊಬ್ಬರ ಮನೆಗೆ ಈ ಭಾನುವಾರ ಮತ್ತೆ ಹೋಗುತ್ತಿದ್ದೇನೆ.